ಹೊಸ ಮನೆಯ ಎರಡನೆಯ ಮಳೆಗಾಲ

ಗಂಜಿಯ ಬಟ್ಟಲಿಗೆ ಹನಿ ಬಿದ್ದದ್ದನ್ನು ಮೊದಲು ಕಂಡವಳು ನವ್ಯಶ್ರೀ.

"ಅಪ್ಪಯ್ಯ, ಮೇಲಿಂದ ನೀರ್ ಬೀಳ್ತಿತ್ತ್."

ಕುಷ್ಟ ತಲೆಯೆತ್ತಲಿಲ್ಲ. ಬಟ್ಟಲನ್ನು ಒಂದು ಗೇಣು ಆಚೆ ಸರಿಸಿ, ಬೆರಳಿಗಂಟಿದ ಒಣಮೀನಿನ ಚಟ್ನಿ ನೆಕ್ಕಿದ. ಮತ್ತೊಂದು ಹನಿ ಬಟ್ಟಲಿದ್ದ ಜಾಗಕ್ಕೇ ಬಿದ್ದು ಟಪ್ಪೆಂದಿತು. ಅವನ ಹೆಂಡತಿ ಗಿರಿಜಾ ಒಳಗೆ ಹೋಗಿ ಒಂದು ಹಳೆಯ ಅಲ್ಯೂಮಿನಿಯಂ ಪಾತ್ರೆ ತಂದು ಹನಿಯ ಅಡಿಗೆ ಇಟ್ಟಳು. ಇದು ನಾಲ್ಕನೆಯದು. ಚಾವಡಿಯಲ್ಲೊಂದು, ಮಗಳು ಓದುವ ಕೋಣೆಯಲ್ಲೊಂದು, ಬಚ್ಚಲಿಗೆ ಹೋಗುವ ದಾರಿಯಲ್ಲೊಂದು ಆಗಲೇ ಕೂತಿದ್ದವು. ಅನ್ನಕ್ಕೆ ಪಾತ್ರೆ ಸಾಲದೆ ಎರಡು ದಿನದಿಂದ ಅವಳು ಸಾರು ಮಾಡುವ ಮಡಕೆಯನ್ನೇ ತೊಳೆದು ತೊಳೆದು ಗಂಜಿ ಬೇಯಿಸುತ್ತಿದ್ದಳು. ಗಂಜಿಗೆ ಮೀನಿನ ವಾಸನೆ ಬರುತ್ತಿತ್ತು.

"ಹ್ವಾಯ್, ಭೋಜಣ್ಣಂಗ್ ಒಂದ್ ಫೋನ್ ಮಾಡಿ," ಎಂದಳು ಕೊನೆಗೆ. "ಬಂದ್ ಕಂಡ್ಕಂಡಾರೂ ಹೋಗ್ಲಿ."

"ಎಂತ ಹೇಳುದ್? ನೀವ್ ಕಟ್ಟದ್ ಮನಿ ಸೋರ್ತಿತ್ತ್ ಅಂದಾ?"

"ಸೋರುದ್ ಸುಳ್ಳಾ?"

"ಮನಿ ಒಕ್ಕಲಾಯಿ ಒಂದೂವರೆ ವರ್ಷ ಆಯ್ಲಿಲ್ಲೆ. ಆಗ್ಳೇ ದೂರ್ ತಕಂಡ್ ಹೋಪುದಾ? ನಾಕ್ ದಿನ ತಡಿ. ಮಳೆ ಬಿಡ್ತ್."

"ಜೂನ್ ತಿಂಗ್ಳಗೆ ಮಳೆ ಬಿಡುದಾ?"

ಗೋಡೆಗೊರಗಿ ಉಣ್ಣುತ್ತಿದ್ದ ಕುಷ್ಟನ ತಾಯಿ ಅಕ್ಕು ಅರ್ಧ ಗಂಜಿಯಿದ್ದ ಬಟ್ಟಲನ್ನು ಹಿಡಿದು ಎದ್ದು ಹಿಂದಿನ ಜಗಲಿಗೆ ಹೋದಳು. ಭೋಜನ ಹೆಸರು ಬಂದಾಗಲೆಲ್ಲ ಆಕೆ ಹೀಗೆ ಏಳುವುದು ರೂಢಿಯಾಗಿತ್ತು. ಭೋಜ ಅಂದರೆ ಆಕೆಯ ಹಿರಿಮಗಳು ಕಮಲಳ ಗಂಡ. ಬ್ರಹ್ಮಾವರದಲ್ಲಿದ್ದುಕೊಂಡು ಮನೆ ಕಟ್ಟಿಸುವ ಕಾಂಟ್ರಾಕ್ಟು ಮಾಡುತ್ತಿದ್ದ. ಇಪ್ಪತ್ತು ವರ್ಷ ಮುಂಬಯಿಯ ಕ್ಯಾಂಟೀನಿನಲ್ಲಿ ಬೆವರು ಸುರಿಸಿ ಬರಿಗೈಯಲ್ಲಿ ಬಂದಿಳಿದ ಕುಷ್ಟನನ್ನು ಗಂಗೊಳ್ಳಿಯ ಮೀನು ಹಿಡಿಯುವ ಬೋಟಿಗೆ ಹತ್ತಿಸಿದವನು ಅವನೇ. ಕೋಡಿಯ ಕಡಲಬದಿಯ ಹಂಚಿನ ಮನೆ ಮುರಿದು ಬೀಳುವ ಹಾಗಾದಾಗ, "ತೆಕ್ಕಟ್ಟೆಲ್ ಜಾಗ ಕಾಣಿ, ಮನಿ ನಾ ಕಟ್ಟಿ ಕೊಡ್ತೆ" ಎಂದವನೂ ಅವನೇ. ಹಾಗೆ ಎರಡು ಸಾವಿರದ ಎಂಟನೇ ಇಸವಿಯಲ್ಲಿ ಹೆದ್ದಾರಿಯಿಂದ ಕೂಗಳತೆಯಲ್ಲಿ ಈ ತಾರಸಿ ಮನೆ ಎದ್ದು ನಿಂತಿತ್ತು. ಮನೆಯನ್ನು ದೂರಿದರೆ ಭಾವನನ್ನು ದೂರಿದ ಹಾಗೆ. ಭಾವನನ್ನು ದೂರಿದರೆ ಅಕ್ಕನಿಗೆ ತಾಗುತ್ತದೆ, ತಾಯಿಗೆ ತಾಗುತ್ತದೆ. ಆದ್ದರಿಂದ ಹನಿ ಬಿದ್ದಲ್ಲಿ ಪಾತ್ರೆ ಇಡುವುದೊಂದೇ ಉಳಿದ ದಾರಿ.

ಹಳೆಯ ಮನೆಯಲ್ಲಿ ಹೀಗಿರಲಿಲ್ಲ. ಮೇ ತಿಂಗಳಲ್ಲಿ ಕುಷ್ಟ ಮಾಡು ಹತ್ತಿ ಒಡೆದ ಹಂಚು ಬದಲಿಸುತ್ತಿದ್ದ, ಗೆದ್ದಲು ಹಿಡಿದ ಪಕ್ಕಾಸಿಗೆ ಇನ್ನೊಂದು ತುಂಡು ಕಟ್ಟುತ್ತಿದ್ದ, ಜಗಲಿಗೆ ತೆಂಗಿನ ಮಡಲಿನ ತಟ್ಟಿ ಇಳಿಬಿಡುತ್ತಿದ್ದ. ಹೆಣ್ಣುಮಕ್ಕಳು ನೆಲಕ್ಕೆ ಸಗಣಿ ಬಳಿಯುತ್ತಿದ್ದರು. ಸೋರಿದರೆ ಎಲ್ಲಿ ಸೋರಿತೆಂದು ಮಲಗಿದಲ್ಲಿಂದಲೇ ಹೇಳಬಹುದಿತ್ತು. ಇಲ್ಲಿ ನೀರು ಒಂದು ಕಡೆ ಇಳಿದು ಇನ್ನೊಂದು ಕಡೆ ಹನಿಯುತ್ತಿತ್ತು. ನಲ್ಲಿ ಎಷ್ಟು ತಿರುಪಿದರೂ ತೊಟ್ಟಿಕ್ಕುತ್ತಿತ್ತು. ಮುಂಬಾಗಿಲು ಮಳೆಗೆ ಉಬ್ಬಿ ಭುಜ ಕೊಟ್ಟು ತಳ್ಳದೆ ಮುಚ್ಚುತ್ತಿರಲಿಲ್ಲ. ಹರಿದ ಬಲೆಯನ್ನು ಕಣ್ಣು ಮುಚ್ಚಿ ಹೆಣೆಯಬಲ್ಲ ಕುಷ್ಟ, ಆ ಬಾಗಿಲ ಮುಂದೆ ಕೈಕಟ್ಟಿ ನಿಂತು, "ಹೊಸ ಮನಿಯಲೆ, ತನ್ನಷ್ಟಕ್ಕೇ ಸಮ ಆತ್ತ್" ಎನ್ನುತ್ತಿದ್ದ. ಮಳೆಗಾಲಕ್ಕೆ ಬೋಟು ಬಂದ್. ಹಾಗಾಗಿ ಅವನು ಇಡೀ ದಿನ ಮನೆಯಲ್ಲೇ.

ಗಿರಿಜಾಳಿಗೆ ಬಂದ್ ಎಂಬುದಿರಲಿಲ್ಲ. ಕಡಲ ಮೀನು ಇಲ್ಲದಿದ್ದರೆ ಹೊಳೆ ಮೀನು, ಅದೂ ಇಲ್ಲದಿದ್ದರೆ ಒಣಮೀನು. ಬೆಳಗಾಗುತ್ತಲೇ ಬುಟ್ಟಿ ಹೊತ್ತು ತೆಕ್ಕಟ್ಟೆಯ ಮನೆಮನೆ ತಿರುಗಿ, ಕೆಲವು ದಿನ ಬಸ್ಸು ಹತ್ತಿ ಕೋಟದವರೆಗೂ ಹೋಗಿ, ಹೊತ್ತು ನೆತ್ತಿಗೆ ಬಂದ ಮೇಲೆ ಮನೆ ಸೇರಿದರೆ ನೆಲದ ಮೇಲೆಲ್ಲ ನೀರು. ಬುಟ್ಟಿ ಇಳಿಸಿದವಳು ಬಟ್ಟೆ ಹಿಡಿದು ನೆಲ ಒರೆಸಲು ಕೂರುತ್ತಿದ್ದಳು. ಒರೆಸಿ ಏಳುವಾಗ ಸೊಂಟ ಹಿಡಿಯುತ್ತಿತ್ತು. ನಲವತ್ತೈದು ಆಗಿತ್ತು ಅವಳಿಗೆ.

ಇದರ ನಡುವೆ ಬಚ್ಚಲಿನ ಜಗಳ ಬೇರೆ ಶುರುವಾಯಿತು.

ನವ್ಯಶ್ರೀ ಕುಂದಾಪುರದಲ್ಲಿ ಕಾಲೇಜಿಗೆ ಹೋಗುವ ಹುಡುಗಿ. ಬೆಳಿಗ್ಗೆ ಏಳೂವರೆಯ ಬಸ್ಸು ಹಿಡಿಯಬೇಕು. ಅವಳು ಮೀಯಲು ಹೋದ ಕೂಡಲೇ ಅಕ್ಕು ಎದ್ದು ಹೋಗಿ ಬಚ್ಚಲ ಹೊರಗಿನ ಸ್ವಿಚ್ಚು ಆರಿಸಿಬಿಡುತ್ತಿದ್ದಳು. ಅದೂ ಬರಿಗೈಯಲ್ಲಲ್ಲ, ಪೊರಕೆಯ ಹಿಡಿಯಿಂದ ಒತ್ತಿ.

"ಅಜ್ಜೀ, ಲೈಟ್!" ಒಳಗಿಂದ ಕೂಗು.

"ಬೆಳ್ಕ್ ಆಯ್ತಲೆ. ಮೀವುಕೆ ಕಣ್ಣೆಂತಕೆ?"

"ಎಂತದೂ ಕಾಂತಿಲ್ಲೆ! ಸೋಪ್ ಎಲ್ಲಿತ್ತ್ ಅಂದೇ ಗೊತ್ತಾತಿಲ್ಲೆ!"

"ಹುಡ್ಕು. ಅಲ್ಲೇ ಇರತ್ತ್."

ಮೊಮ್ಮಗಳು ಮಿಂದು ಹೊರಬರುವವರೆಗೂ ಮುದುಕಿ ಬಾಗಿಲಲ್ಲೇ ಕಾವಲು ಕೂತಿರುತ್ತಿದ್ದಳು. ನವ್ಯಶ್ರೀ ಒದ್ದೆ ತಲೆಯಲ್ಲೇ ಅಡುಗೆಮನೆಗೆ ಬಂದು ಅತ್ತಂತೆ ಮಾಡುತ್ತಿದ್ದಳು. "ಅಮ್ಮ, ನೀವಾರೂ ಹೇಳಿ. ಕರೆಂಟ್ ಉಳ್ಸುಕೆ ನಾ ಕತ್ಲಗೆ ಮೀಯ್ಕಾ?"

ಅಕ್ಕು ತಾನಂತೂ ಬಚ್ಚಲ ಹೊಸ್ತಿಲು ದಾಟುತ್ತಿರಲಿಲ್ಲ. ಸುರಿವ ಮಳೆಯಲ್ಲಿ ಬಾವಿಕಟ್ಟೆಗೆ ಹೋಗಿ, ಸೀರೆ ಮೊಣಕಾಲಿಗೆತ್ತಿ, ಕೊಡಪಾನದಲ್ಲಿ ನೀರು ಸೇದಿ ಹೊಯ್ದುಕೊಳ್ಳುತ್ತಿದ್ದಳು. ಆಚೆಮನೆಯ ಪದ್ದು ಬೇಲಿಯ ಮೇಲಿಂದ ನೋಡಿ ನೋಡಿ ಒಂದು ದಿನ ಗಿರಿಜಾಳನ್ನು ದಾರಿಯಲ್ಲೇ ತಡೆದಳು.

"ಅಲ್ಲ ಮಾರಾಯ್ತಿ, ಅಷ್ಟ್ ಚಂದದ್ ಬಚ್ಚಲ್ ಕಟ್ಟಿ, ಆ ಪ್ರಾಯದವ್ರನ್ನ ಮಳೆಗೆ ಮೀಸುದಾ?"

ಗಿರಿಜಾ ಮನೆಗೆ ಬಂದವಳೇ ಬುಟ್ಟಿ ಇಳಿಸುವ ಮೊದಲೇ ಕೇಳಿದಳು. "ಅತ್ತೆ, ನಿಮ್ಗೆ ಎಂತ ಆಯ್ಕ್? ಊರವ್ರ್ ನನ್ನ್ ಮುಖಕ್ಕೆ ಉಗೀಕಾ?"

"ನಂಗ್ ಬಾವಿ ನೀರೇ ಅಭ್ಯಾಸ."

"ಆ ನಲ್ಲಿಯಲ್ ಬಪ್ಪುದೂ ಬಾವಿ ನೀರೇ ಅಲ್ದಾ?"

ಅಕ್ಕು ಎದ್ದಳು. ಹಿಂದಿನ ಜಗಲಿಗೆ ಹೋಗಿ ಎಲೆಯಡಿಕೆ ಕುಟ್ಟತೊಡಗಿದಳು. ಕುಷ್ಟ ಬಲೆಯಿಂದ ಕಣ್ಣೆತ್ತದೆ, ತಾಯಿಯ ಪರವಾಗಿ, "ಅಬ್ಬಿ ಎಲ್ಲಿ ಮಿಂದ್ರೆ ನಿಂಗೆಂತ?" ಎಂದ. ಅಂದು ರಾತ್ರಿ ಮೂವರೂ ಬೇರೆ ಬೇರೆ ಹೊತ್ತಿಗೆ ಉಂಡರು.

ತೆಕ್ಕಟ್ಟೆಯಲ್ಲಿ ಗುಡ್ಡ ಎಂಬ ಮುದುಕನ ಮನೆ ಗಿರಿಜಾಳ ಖಾಯಂ ಗಿರಾಕಿ. ಮೂವತ್ತೆರಡು ವರ್ಷ ಮುಂಬಯಿಯಲ್ಲಿ ಒಂದೇ ಕಟ್ಟಡದ ನಲ್ಲಿ, ಪಂಪು, ಫ್ಯೂಸು ನೋಡಿಕೊಂಡಿದ್ದವನು. ಈಗ ಮೊಣಕಾಲು ಸವೆದು ಜಗಲಿ ಇಳಿಯಲಾರ. ಒಂದು ಬೆಳಿಗ್ಗೆ ಒಣ ಸಿಗಡಿ ಅಳೆದು ಕೊಡುತ್ತ ಗಿರಿಜಾ ಸುಮ್ಮನೆ ಕೇಳಿದಳು.

"ಗುಡ್ಡಣ್ಣ, ನಲ್ಲಿ ತಿರ್ಪದ್ರೂ ನೀರ್ ನಿಲ್ಲುದಿಲ್ಲೆ ಅಂದ್ರೆ ಎಂತ ಮಾಡುದ್?"

"ವಾಸರ್ ಹೋಯಿರತ್ತ್. ಹತ್ತ್ ಮಿನಿಟಿನ್ ಕೆಲ್ಸ. ಗಂಡ್ಸ್ರ್ ಇಲ್ಯಾ ಮನೆಲ್?"

"ಇದ್ರ್," ಎಂದಳು ಗಿರಿಜಾ. ಆ ಒಂದು ಮಾತಿನಲ್ಲಿ ಮುದುಕನಿಗೆ ಏನು ತಿಳಿಯಿತೋ, ಒಳಗಿನಿಂದ ತುಕ್ಕು ಹಿಡಿದ ಡಬ್ಬಿಯೊಂದನ್ನು ತರಿಸಿದ. ಅದರಲ್ಲಿ ಹಳೆಯ ನಲ್ಲಿ, ಸ್ಪ್ಯಾನರು, ಕಪ್ಪು ರಬ್ಬರಿನ ಬಿಲ್ಲೆಗಳಿದ್ದವು.

"ಕಾಣ್. ಮೊದ್ಲ್ ಟ್ಯಾಂಕಿಂದ ಬಪ್ಪು ವಾಲ್ವ್ ಬಂದ್ ಮಾಡ್ಕ್. ಮತ್ತೆ ನಲ್ಲಿ ಬಿಟ್ಟ್, ಪೈಪಗಿದ್ದ್ ನೀರ್ ಪೂರಾ ಹೋಪುಕ್ ಬಿಡ್ಕ್. ಆಮೇಲೆ ಇದನ್ನ ಹಿಂಗೆ ತಿರ್ಪುದ್. ಎಡಕ್ಕೆ. ಜೋರ್ ಮಾಡ್ಕಾಗ."

ಗಿರಿಜಾ ಮೀನಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ಬಿಚ್ಚಿದಳು, ಹಾಕಿದಳು, ಮತ್ತೆ ಬಿಚ್ಚಿದಳು. ಮುದುಕ ಎರಡು ಬಿಲ್ಲೆ ಕೊಟ್ಟು, ಸ್ಪ್ಯಾನರನ್ನೂ ಬುಟ್ಟಿಗೆ ಹಾಕಿದ. ಹೊರಡುವಾಗ, "ಮೇನ್ ಸ್ವಿಚ್ ಎಲ್ಲಿತ್ತ್ ನಿಮ್ಮನೆಲ್?" ಎಂದು ಕೇಳಿದ.

"ಗೊತ್ತಿಲ್ಲೆ."

"ಅರ್ತಿಂಗ್ ಮಾಡಿದ್ರಾ?"

"ಅದ್ ಎಂತದ್?"

"ಅರೇ ಭಗವಾನ್," ಎಂದ ಮುದುಕ. "ಮನಿ ಒಕ್ಕಲಿಗೆ ಸಾವ್ರ ಜನಕ್ಕೆ ಊಟ ಹಾಕ್ತ್ರಿ. ಮೇನ್ ಸ್ವಿಚ್ ಎಲ್ಲಿತ್ತ್ ಅಂದ್ ಕಂಡಿಟ್ಕಂತಿಲ್ರಿ."

ಮನೆಯಲ್ಲಿ ಮೊದಲ ಸಲ ಎಲ್ಲ ಎಡವಟ್ಟಾಯಿತು. ವಾಲ್ವ್ ಮುಚ್ಚಿದೆನೆಂದುಕೊಂಡವಳು ಬೇರೆ ಯಾವುದನ್ನೋ ಮುಚ್ಚಿದ್ದಳು. ನಲ್ಲಿ ಬಿಚ್ಚುತ್ತಲೇ ನೀರು ಮುಖಕ್ಕೆ ರಾಚಿ ಅಡುಗೆಮನೆಯೆಲ್ಲ ಕೆರೆಯಾಯಿತು. ಕುಷ್ಟ ಓಡಿ ಬಂದ.

"ಎಂತ ಮಾಡ್ತಾ ಇದ್ದಿ ನೀ? ಇದ್ದದ್ದೂ ಹಾಳ್ ಮಾಡುಕಾ?"

"ಮ್ಯಾಲೆ ಹೋಯಿ ಇನ್ನೊಂದ್ ವಾಲ್ವ್ ತಿರ್ಪಿ, ಹ್ವಾಯ್! ನಿಂತ್ ಮಾತಾಡ್ಬೇಡಿ!"

ಅವನು ಹೋಗಿ ತಿರುಪಿದ. ನೀರು ನಿಂತಿತು. ಗಿರಿಜಾ ಒದ್ದೆ ಸೀರೆಯಲ್ಲೇ ಕೂತು ಬಿಲ್ಲೆ ಬದಲಿಸಿದಳು. ತೊಟ್ಟಿಕ್ಕುವುದು ನಿಂತದ್ದು ಕಂಡು ನವ್ಯಶ್ರೀ ಚಪ್ಪಾಳೆ ತಟ್ಟಿದಳು. ಕುಷ್ಟ ಮಾತ್ರ ಕೊಡೆ ತೆಗೆದುಕೊಂಡು ಪೇಟೆಗೆ ಹೋಗಿ ಸಂಜೆಯವರೆಗೂ ಬರಲಿಲ್ಲ.

ಮುಂದಿನ ವಾರ ಗುಡ್ಡ ಕೇಳಿದ್ದು ತಾರಸಿಯ ಬಗ್ಗೆ. "ಸೋರ್ತಿತ್ತ್ ಅಂದ್ಕೂಡ್ಲೇ ಕಟ್ಟಿದವ್ನನ್ನ ಬಯ್ಬೇಡ. ನೀರ್ ಹೋಪು ತೂತ್ ಕಂಡಿದ್ಯಾ? ಮೊದ್ಲ್ ಹತ್ತಿ ಕಾಣ್."

ಮಳೆ ತುಸು ಬಿಟ್ಟ ಮಧ್ಯಾಹ್ನ ಗಿರಿಜಾ ಹತ್ತಿ ನೋಡಿದಳು. ತಾರಸಿಯ ಹಿಂದಿನ ಮೂಲೆಯಲ್ಲಿ, ಸರಿಯಾಗಿ ಬಚ್ಚಲ ಮೇಲೆ, ಪಾದ ಮುಳುಗುವಷ್ಟು ನೀರು ನಿಂತಿತ್ತು. ಪಾಚಿ ಕಟ್ಟಿತ್ತು. ಬಗ್ಗಿ ಕೈ ಹಾಕಿ ತಡಕಿದರೆ ಪೈಪಿನ ಬಾಯಿ ಸಿಕ್ಕಿತು. ಒಳಗೆ ಗಟ್ಟಿಯಾಗಿ ಏನೋ ತುಂಬಿಕೊಂಡಿತ್ತು. ಎಳೆದಳು. ಬಲೆಯ ತುಂಡು ಬಂತು, ತೆಂಗಿನ ಗರಿಯ ಚೂರು ಬಂತು, ಆಮೇಲೆ ಮುಷ್ಟಿ ಮುಷ್ಟಿ ಕೊಳೆತ ಬೂತಾಯಿ ಮೀನಿನ ತಲೆ, ಹುರುಪೆ. ಬೇಸಿಗೆಯಲ್ಲಿ ಅತ್ತೆ ಇಲ್ಲಿ ಮೀನು ಒಣಗಿಸಿದ್ದಳು. ಒಣಗಿದ್ದನ್ನು ಬಾಚಿಕೊಂಡು ಉಳಿದದ್ದನ್ನು ಮೂಲೆಗೆ ಗುಡಿಸಿದ್ದಳು. ಹಾಗೆ ಮಾಡಬಾರದೆಂದು ಆಕೆಗೆ ಯಾರು ಹೇಳಿದ್ದರು? ಕೋಡಿಯ ಮರಳಿನಲ್ಲಿ ಗುಡಿಸಿದ್ದನ್ನು ಕಾಗೆ, ನಾಯಿ ತಿಂದು ಮುಗಿಸುತ್ತಿದ್ದವು.

ಕೊನೆಯ ಮುಷ್ಟಿ ಕಿತ್ತಾಗ ನೀರು ಗಟಗಟನೆ ಇಳಿಯಿತು. ಕೆಳಗೆ ಪೈಪಿನಿಂದ ಧೋ ಎಂದು ಸುರಿದ ಸದ್ದಿಗೆ ಎಲ್ಲರೂ ಅಂಗಳಕ್ಕೆ ಬಂದರು. ಗಿರಿಜಾ ಮೊಣಕೈವರೆಗೂ ಕೊಳೆ ಮೆತ್ತಿಕೊಂಡು ಇಳಿದು ಬಂದಳು. ಮುಚ್ಚಿಡಬೇಕೆನಿಸಿತ್ತು. ಆದರೆ ದಣಿವಿನಲ್ಲಿ ಬಾಯಿ ತಡೆಯಲಿಲ್ಲ.

"ಮೀನಿನ್ ತಲೆ ತುಂಬಿತ್ತ್. ಅದ್ಕೇ ನೀರ್ ನಿಂತದ್ದ್."

ಅಕ್ಕು ಮುಖ ಸಣ್ಣದು ಮಾಡಿದಳು. "ಅಂದ್ರೆ ನನ್ನಿಂದ ಸೋರದ್ದಾ? ನಾ ಒಣ್ಸದ್ ಮೀನ್ ಮಾರಿ ಅಲ್ದಾ ನೀ ಈಗ ಸಾಮಾನ್ ತಕಂಡ್ ಬಪ್ಪುದ್?"

"ನಾ ಹಾಂಗ್ ಹೇಳ್ಲಿಲ್ಲೆ ಅತ್ತೆ."

"ಹೇಳ್ದಿ. ಮತ್ತ್ ಹ್ಯಾಂಗ್ ಹೇಳುದ್?"

ಕುಷ್ಟನಿಗೆ ಒಳಗೊಳಗೇ ಸಮಾಧಾನ. "ಕಂಡ್ಯಾ? ಭಾವನ ಕೆಲ್ಸಕ್ಕೆ ಹೆಸ್ರ್ ಇಡ್ತಿದ್ದೆಯಲೆ. ಈಗ ಫೋನ್ ಮಾಡು!"

ಗಿರಿಜಾ ಬಾವಿಕಟ್ಟೆಗೆ ಹೋಗಿ ಕೈ ತೊಳೆದಳು. ಎಷ್ಟು ಸಲ ಸೋಪು ಹಾಕಿದರೂ ವಾಸನೆ ಹೋಗಲಿಲ್ಲ. ಚಾವಡಿಯ ಹನಿ ಎರಡು ದಿನಕ್ಕೆ ನಿಂತಿತು, ಕೋಣೆಯದೂ ನಿಂತಿತು. ಪಾತ್ರೆಗಳು ಅಡುಗೆಮನೆಗೆ ಮರಳಿದವು. ಬಚ್ಚಲ ಗೋಡೆ ಮಾತ್ರ ಹಾಗೇ ಒದ್ದೆಯಾಗಿ ಉಳಿಯಿತು. ಸುಣ್ಣ ಹೊಪ್ಪಳೆ ಎದ್ದು ಉದುರುತ್ತಿತ್ತು. ಅತ್ತೆ ಮಾತು ಬಿಟ್ಟಳು. ಬಾವಿಕಟ್ಟೆಯ ಸ್ನಾನವನ್ನೂ ಬಿಡಲಿಲ್ಲ, ಸ್ವಿಚ್ಚು ಆರಿಸುವುದನ್ನೂ ಬಿಡಲಿಲ್ಲ.

ಜುಲೈ ಮಧ್ಯದ ಒಂದು ಬೆಳಿಗ್ಗೆ ಅಕ್ಕುವಿಗೆ ಜ್ವರ ಬಂದು ಏಳಲಾಗಲಿಲ್ಲ. ಮೋಡ ಕವಿದು ಬಚ್ಚಲು ಕತ್ತಲಾಗಿತ್ತು. ಮಗಳಿಗೆ ಬಿಸಿನೀರು ತೋಡಿಡಲೆಂದು ಗಿರಿಜಾ ದೀಪ ಹಾಕಿ ಒಳಗೆ ಹೋದಳು. ಒದ್ದೆ ಕೈಯಲ್ಲಿ ನಲ್ಲಿ ಮುಟ್ಟಿದ್ದೇ ತಡ, ಯಾರೋ ಮೊಣಕೈಗೆ ಗುದ್ದಿದ ಹಾಗಾಯಿತು. ತಂಬಿಗೆ ಕೈಜಾರಿ ಬಿತ್ತು. ಅವಳು ಹಿಂದಕ್ಕೆ ಸರಿದು ಗೋಡೆಗೊರಗಿದರೆ ಗೋಡೆಯೂ ಜುಮ್ಮೆಂದಿತು. ಹೇಗೆ ಹೊರಗೆ ಬಂದಳೋ ತಿಳಿಯದು. ಹೊಸ್ತಿಲಲ್ಲಿ ಟವೆಲು ಹಿಡಿದು ನಿಂತಿದ್ದ ಮಗಳನ್ನು ಎರಡೂ ಕೈಯಲ್ಲಿ ಹಿಡಿದು ದೂಡಿದಳು.

"ಹೋಪುದ್ ಬ್ಯಾಡ! ಒಳ್ಗ್ ಹೋಪುದ್ ಬ್ಯಾಡ!"

ಗಲಾಟೆ ಕೇಳಿ ಅಕ್ಕು ಕಂಬಳಿ ಹೊದ್ದುಕೊಂಡೇ ಗೋಡೆ ಹಿಡಿದು ಬಂದಳು. ಮೊದಲು ನೋಡಿದ್ದು ಸ್ವಿಚ್ಚನ್ನು. "ಲೈಟ್ ಹಾಕದ್ದ್ ಯಾರ್? ಅಯ್ಯೋ, ಹೆಣ್ಣ್ ಮುಟ್ತಾ? ನವ್ಯ ಮುಟ್ತಾ?"

ಗಿರಿಜಾ ಅತ್ತೆಯ ಮುಖವನ್ನೇ ನೋಡಿದಳು. ಅಲ್ಲೇ ನೆಲದ ಮೇಲೆ ಕೂತಳು.

"ಅತ್ತೆ. ನಿಮ್ಗೆ ಮೊದ್ಲೇ ಗೊತ್ತಿತ್ತಾ?"

ಮುದುಕಿಯೂ ಪಕ್ಕದಲ್ಲಿ ಕೂತಳು. "ಮಳೆ ಹಿಡ್ದ್ ಎಂಟ್ ದಿನಕ್ಕೆ ನಂಗೊಂದ್ ಸಲ ಹೊಡೀತ್. ಕೈ ಎರ್ಡ್ ದಿನ ಎತ್ತುಕಾಯ್ಲಿಲ್ಲೆ. ಲೈಟ್ ಆರ್ಸಿರೆ ಎಂತದೂ ಆತಿಲ್ಲೆ. ನೀವಿಬ್ರೂ ಮೀವುದ್ ಮಧ್ಯಾನ, ಲೈಟ್ ಬ್ಯಾಡ. ಅದ್ಕೇ ಆರ್ಸ್ತಿದ್ದೆ."

"ಎಂತಕ್ಕೆ ಹೇಳ್ಲಿಲ್ಲೆ?"

"ಹೇಳ್ರೆ ಭೋಜನ ಹೆಸ್ರ್ ಬತ್ತಿತ್ತಲೆ. ಕಮ್ಲಿ ಆ ಮನೆಲ್ ತಲೆ ಎತ್ತ್ಕಂಡ್ ಬಾಳ್ಕ್. ನೀನೂ ಸುಮ್ನೆ ಕೂಕಂಬವ್ಳಲ್ಲ."

"ನವ್ಯಂಗ್ ಎಂತಾದ್ರೂ ಆಯಿದ್ರೆ?"

"ಅದ್ಕೇ ಬಾಗ್ಲಲ್ ಕೂಕಂತಿದ್ದೆ," ಎಂದಳು ಅಕ್ಕು. "ಒಂದ್ ದಿನ ತಪ್ಸ್ಲಿಲ್ಲೆ. ಇವತ್ತ್ ಏಳುಕಾಯ್ಲಿಲ್ಲೆ."

ನವ್ಯಶ್ರೀ ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಗಿರಿಜಾಳಿಗೆ ಅಳು ಬರಲಿಲ್ಲ, ಸಿಟ್ಟೂ ಬರಲಿಲ್ಲ. ಎದ್ದು ಹೋಗಿ ಮೆಟ್ಟಿಲ ಕೆಳಗಿನ ಮೇನ್ ಸ್ವಿಚ್ಚು ಆಫ್ ಮಾಡಿದಳು. ಗುಡ್ಡ ಕೇಳಿದ ಮರುದಿನವೇ ಅದನ್ನು ಹುಡುಕಿ ಇಟ್ಟುಕೊಂಡಿದ್ದಳು. ಫ್ಯಾನು ನಿಂತಿತು, ಫ್ರಿಜ್ಜು ಗೊಣಗುವುದು ನಿಂತಿತು.

ಹಾಲು ತರಲು ಹೋಗಿದ್ದ ಕುಷ್ಟ ಬಂದು ಕೇಳಿದ. "ಕರೆಂಟ್ ಇಲ್ಯಾ?"

"ನಾ ತೆಗ್ದದ್ದ್. ಕೆಲ್ಸ ಗೊತ್ತಿದ್ದವ್ರ್ ಬಂದ್ ಕಂಡ್ ಸಮ ಮಾಡದೆ ಹಾಕುದಿಲ್ಲೆ."

ವಿಷಯ ತಿಳಿದ ಮೇಲೆ ಅವನು ಬಚ್ಚಲ ಗೋಡೆಯನ್ನು ಹೊಸ್ತಿಲಾಚೆಯಿಂದಲೇ ನೋಡಿ ಬಂದ. ಆಮೇಲೆ, "ಇಲ್ಲಿಯೇ ಯಾರಾರೂ ವಯರ್ಮ್ಯಾನಿಗೆ ಹೇಳುವ. ಭಾವಂಗ್ ಗೊತ್ತಾಪುದ್ ಬ್ಯಾಡ" ಎಂದ.

"ಗೊತ್ತಾಯ್ಲಿ. ಅವ್ರ್ ಕಟ್ಟದ್ ಬೇರೆ ಮನೆಲ್ ಮಕ್ಕಳಿಲ್ಯಾ?"

ಈ ಮಾತಿಗೆ ಉತ್ತರ ಹೇಳಿದವಳು ಅಕ್ಕು. "ನಾ ಹೇಳ್ತೆ ಅವ್ನಿಗೆ. ಜ್ವರ ಬಿಡ್ಲಿ. ನನ್ನ ಬ್ರಹ್ಮಾವರಕ್ಕೆ ಕರ್ಕಂಡ್ ಹೋಗ್ ಗಿರಿಜಾ."

ಮೂರು ದಿನ ಮನೆಯಲ್ಲಿ ಚಿಮಣಿ ದೀಪ. ನಾಲ್ಕನೆಯ ದಿನ ಅತ್ತೆ ಸೊಸೆ ಬಸ್ಸು ಹತ್ತಿದರು. ದಾರಿಯುದ್ದಕ್ಕೂ ಅಕ್ಕು ಕಿಟಕಿಯ ಕಂಬಿ ಬಿಡಲಿಲ್ಲ. ಕಮಲ ತಾಯಿಯನ್ನು ಕಂಡು ಸಂತೋಷದಿಂದ ಚಾ ಮಾಡಿ, ಗೋಳಿಬಜೆ ಕರಿದು ತಂದಿಟ್ಟಳು. ಅಕ್ಕು ಮುಟ್ಟಲಿಲ್ಲ. ಭೋಜ ಕೆಲಸದಿಂದ ಬಂದು ಸಿಮೆಂಟು ಮೆತ್ತಿದ ಕಾಲು ತೊಳೆದು ಕೂತ ಮೇಲೆ ಎಲ್ಲವನ್ನೂ ಹೇಳಿದಳು. ಮೀನಿನ ತಲೆಯ ಸಂಗತಿಯನ್ನೂ ಬಿಡಲಿಲ್ಲ.

"ನೀರ್ ನಿಲ್ಸದ್ದ್ ನಾನ್. ಅದ್ ನನ್ ತಪ್ಪ್. ಗೋಡೆಲ್ ಕರೆಂಟ್ ಬಪ್ಪುದ್ ನನ್ನಿಂದ ಅಲ್ಲ, ಮಗಾ."

ಭೋಜ ಚಾ ಲೋಟವನ್ನು ಕೆಳಗಿಟ್ಟ. "ಅರ್ತಿಂಗ್ ಗುಂಡಿ ಮಾಡಿದ್ದೆ ಅಂದ್ ವಯರ್ಮ್ಯಾನ್ ಹೇಳಿದ್ದ. ಆಗ ಮೂರ್ ಮನಿ ಒಟ್ಟಿಗೆ ಹಿಡ್ದಿದ್ದೆ." ಲೋಟವನ್ನು ಇನ್ನಷ್ಟು ಆಚೆ ಸರಿಸಿ, "ನಾ ಕಾಣ್ಲಿಲ್ಲೆ" ಎಂದ.

ಕಮಲಳ ಮುಖ ಕೆಂಪಾಯಿತು. "ಲಾಭ ಇಲ್ದೆ ಕಟ್ಟಿ ಕೊಟ್ಟದ್ದಕ್ಕೆ ಇದಾ? ಗಿರಿಜಾ, ನೀನೇ ಅಬ್ಬಿಗ್ ಹೇಳಿ ಕೊಟ್ಟ್ ಕರ್ಕಂಡ್ ಬಂದದ್ದಲ್ದಾ? ಊರಗೆಲ್ಲ ಹೇಳಿಯಾಯ್ತಾ ಇನ್ನೂ ಬಾಕಿ ಇತ್ತಾ?"

"ಯಾರ್ಗೂ ಹೇಳ್ಲಿಲ್ಲೆ ಅತ್ತಿಗೆ," ಎಂದಳು ಗಿರಿಜಾ.

ಎರಡು ದಿನ ಬಿಟ್ಟು ಭೋಜ ಬೇರೊಬ್ಬ ವಯರ್‌ಮ್ಯಾನನ್ನು ಕರೆದುಕೊಂಡು ಬಂದ. ಮೀಟರಿನ ಕೆಳಗೆ ಗಾರೆ ಕೆತ್ತಿದಾಗ ಅರ್ತಿಂಗಿನ ತಂತಿ ಸಿಕ್ಕಿತು. ಗೇಣುದ್ದಕ್ಕೆ ಕತ್ತರಿಸಿ ಗೋಡೆಯೊಳಗೇ ಮುಚ್ಚಿಬಿಟ್ಟಿದ್ದರು. ಅದು ಮಣ್ಣನ್ನೇ ಮುಟ್ಟಿರಲಿಲ್ಲ. ಬಚ್ಚಲ ಗೋಡೆಯೊಳಗೆ ಎರಡು ವಯರು ಕೂಡಿಸಿದಲ್ಲಿ ಸುತ್ತಿದ ಟೇಪು ನೀರಿಗೆ ಬಿಟ್ಟುಹೋಗಿತ್ತು. ಭೋಜ ಆ ತಂತಿಯ ತುದಿಯನ್ನು ಹಿಡಿದು ನೋಡುತ್ತ ನಿಂತದ್ದನ್ನು ಗಿರಿಜಾ ಕಂಡಳು. ಆಮೇಲೆ ಅವನೇ ಪಿಕ್ಕಾಸು ಹಿಡಿದು ಗುಂಡಿ ತೋಡಿದ. ಕುಷ್ಟ ಕೂಡಿಕೊಂಡ. ಇಬ್ಬರೂ ಮಳೆಯಲ್ಲಿ ನೆನೆಯುತ್ತ ಪೈಪು ಇಳಿಸಿ, ಇದ್ದಿಲು ಉಪ್ಪು ತುಂಬಿದರು. ಕರೆಂಟು ಸೋರಿದರೆ ತಾನೇ ಆಫ್ ಆಗುವ ಸ್ವಿಚ್ಚನ್ನೂ ಹಾಕಿಸಿದರು.

ಗಿರಿಜಾ ಕಾಣೆ ಮೀನಿನ ಸಾರು ಮಾಡಿದ್ದಳು. "ಉಂಡ್ಕಂಡ್ ಹೋಯ್ನಿ ಭೋಜಣ್ಣ."

"ಇವತ್ತ್ ಬ್ಯಾಡ," ಎಂದು ಭೋಜ ಕೈ ತೊಳೆದು ಹೋದ.

ಚೌತಿಗೆ ಕಮಲ ತವರಿಗೆ ಬರಲಿಲ್ಲ. ಅಕ್ಕು ಬೆಳಿಗ್ಗೆಯಿಂದ ಜಗಲಿಯಲ್ಲಿ ಕೂತು ಹೆದ್ದಾರಿಯ ಕಡೆ ನೋಡುತ್ತಿದ್ದಳು. ಮಧ್ಯಾಹ್ನ ಎಲೆ ಹಾಕಿ ಕರೆದರೆ, "ಇನ್ನೊಂದ್ ಬಸ್ ಇತ್ತ್" ಎಂದಳು. ಆ ಬಸ್ಸೂ ಹೋಯಿತು. ಅರಸಿನ ಎಲೆಯ ಕಡುಬು ಆರಿ ತಣ್ಣಗಾದ ಮೇಲೆ ಉಣ್ಣಲು ಬಂದಳು. ಯಾರನ್ನೂ ದೂರಲಿಲ್ಲ. ಈಗ ಅವಳು ಬಚ್ಚಲಲ್ಲೇ ಮೀಯುತ್ತಿದ್ದಳು. ದೀಪ ಉರಿಯುತ್ತಿದ್ದರೂ ನಲ್ಲಿಯನ್ನು ಮೊದಲು ಬೆರಳ ಹಿಂಬದಿಯಿಂದ ತಾಗಿಸಿ ನೋಡಿ ಆಮೇಲೆ ಹಿಡಿಯುತ್ತಿದ್ದಳು. ಮನೆ ಸರಿಯಾಗಿತ್ತು. ಗಿರಿಜಾಳಿಗೆ ಅದರಿಂದ ಸಂತೋಷವೇನೂ ಆಗಲಿಲ್ಲ.

ಚೌತಿ ಕಳೆದು ಮೂರನೆಯ ದಿನ ಅವಳು ಮೀನು ಮಾರಿ ಬಂದು, ಕಾಲು ತೊಳೆದು, ಗಂಜಿಗೆ ಕೂತಿದ್ದಳು. ಮೊದಲ ತುತ್ತು ಬಾಯಿಗಿಡುವಾಗ ಮೊಬೈಲು ಬಡಿದುಕೊಂಡಿತು. ನವ್ಯಶ್ರೀ ತಂದುಕೊಟ್ಟಳು. "ಕಮಲತ್ತೆ."

ಆಚೆ ಕಡೆಯಿಂದ ಕಮಲಳ ಪಿಸುದನಿ. "ಗಿರಿಜಾ, ನಮ್ಮನಿ ಪಂಪಿನ್ ಪೈಪ್ ಮುಟ್ರೆ ಜುಂ ಅಂತಿತ್ತ್. ಇದಕ್ಕೂ ಅದೇ ವಯರ್ಮ್ಯಾನ್ ಅಲ್ದಾ."

"ಭೋಜಣ್ಣಂಗ್ ಹೇಳ್ಲಿಲ್ಯಾ?"

"ಒಂದ್ ಸಲ ಹೇಳ್ದೆ. ನನ್ ಮನಿಗ್ ಎಂತ ಆಯ್ತ್, ಬಾಯ್ ಮುಚ್ಚ್ ಅಂದ್ರ್. ನಿಮ್ಮನೆಲ್ ಆದಾಗಿಂದ ಅವ್ರ್ ಸಮ ಉಂಬುದೂ ಇಲ್ಲೆ. ಇನ್ನೊಂದ್ ಸಲ ಹೇಳುಕೆ ನಂಗ್ ಬಾಯ್ ಬತ್ತಿಲ್ಲೆ." ಕಮಲ ಮೂಗೆಳೆದುಕೊಂಡಳು. "ಮೊಮ್ಮಗು ಬಂದಿತ್ತ್ ಮಾರಾಯ್ತಿ. ಅಂಗಳ್ದಗೇ ಆಡ್ತಿತ್ತ್."

"ಮೊದ್ಲ್ ಮೇನ್ ಆಫ್ ಮಾಡಿ ಅತ್ತಿಗೆ. ಮೀಟರಿನ್ ಹತ್ರ ಇರತ್ತ್. ಒಣಗಿದ್ ಕೈಯಗೆ, ಚಪ್ಪಲ್ ಹಾಕಂಡ್. ಮಗುನ್ನ ಒಳ್ಗೇ ಕೂರ್ಸ್ಕಣಿ. ನಾ ಈಗ ಬತ್ತೆ."

ಫೋನಿಟ್ಟು ಗಿರಿಜಾ ಎದ್ದಳು. ಎದ್ದವಳಿಗೆ ಸೊಂಟ ಹಿಡಿದು ಬಾಗಿಲ ದಾರಂದ ಹಿಡಿಯಬೇಕಾಯಿತು. ಹಬ್ಬಕ್ಕೆಂದು ಬೋಟಿನಿಂದ ಬಂದು ಇನ್ನೂ ಮನೆಯಲ್ಲೇ ಉಳಿದಿದ್ದ ಕುಷ್ಟ ಜಗಲಿಯಲ್ಲಿ ಕೂತು ಎಲ್ಲ ಕೇಳಿಸಿಕೊಂಡಿದ್ದವನು ಒಳಗೆ ಬಂದ. ಅವಳ ಭುಜ ಹಿಡಿದು ಮಣೆಯ ಮೇಲೆ ಕೂರಿಸಿದ. ಹಾಗೆ ಅವನು ಅವಳನ್ನು ಮುಟ್ಟಿ ಕೂರಿಸಿ ಯಾವ ಕಾಲವಾಗಿತ್ತೋ.

"ನೀ ಉಣ್ಣ್. ನಾ ಹೋತೆ. ಎಂತೆಂತ ಕಾಣ್ಕ್ ಅಂದ್ ಹೇಳ್."

ಗುಡ್ಡನಿಂದಲೂ ವಯರ್‌ಮ್ಯಾನನಿಂದಲೂ ಕಲಿತದ್ದನ್ನು ಅವಳು ಹೇಳಿದಳು. ಮೇನ್ ಆಫ್ ಆಗಿದೆಯೋ ಎಂದು ಮೊದಲು ನೋಡಬೇಕು. ಟೆಸ್ಟರು ಹಿಡಿಯದೆ ಏನನ್ನೂ ಮುಟ್ಟಬಾರದು. ಅರ್ತಿಂಗಿನ ತಂತಿ ಮಣ್ಣಿಗೆ ಇಳಿದಿದೆಯೋ, ಗೋಡೆಯಲ್ಲೇ ನಿಂತಿದೆಯೋ ಕಾಣಬೇಕು. ತಾನಾಗಿ ಬಿಚ್ಚಬಾರದ್ದು ಯಾವುದು, ವಯರ್‌ಮ್ಯಾನನ್ನೇ ಕರೆಯಬೇಕಾದದ್ದು ಯಾವುದು, ಅದನ್ನೂ ಹೇಳಿದಳು. ಕುಷ್ಟ ಒಂದೊಂದನ್ನೂ ಬೆರಳು ಮಡಚಿ ತಿರುಗಿ ಒಪ್ಪಿಸಿದ. ಒಂದು ಕಡೆ ತಪ್ಪಿದ. ಅವಳು ತಿದ್ದಿದಳು. ಅವಳು ಗುಡ್ಡನಿಂದ ತಂದಿಟ್ಟಿದ್ದ ಟೆಸ್ಟರು ಕಿಸೆಗೆ ಹಾಕಿಕೊಂಡು, ಕೊಡೆ ಹಿಡಿದು ಅಂಗಳಕ್ಕಿಳಿದವನು ಅಲ್ಲೇ ನಿಂತ.

"ಭಾವ ಮನೆಲೇ ಇದ್ರೆ ಎಂತ ಹೇಳುದ್?"

"ನಿಮ್ಮ್ ಅಕ್ಕನ ಮನಿಗ್ ಹೋಯಿ ಎಂತ ಮಾತಾಡುದ್ ಅಂದ್ ನಾ ಹೇಳಿ ಕೊಡ್ಕಾ?"

ಕುಷ್ಟ ಕೊಡೆ ಬಿಡಿಸಿ ಹೆದ್ದಾರಿಯ ಕಡೆ ನಡೆದ. ಅಕ್ಕು ಹಿಂದಿನಿಂದ ಬಂದು ಸೊಸೆಯ ಬಟ್ಟಲಿನ ಆರಿದ ಗಂಜಿಗೆ ಬಿಸಿ ತಿಳಿ ಹೊಯ್ದಳು. ಗಿರಿಜಾ ಬೆನ್ನನ್ನು ಗೋಡೆಗೆ ಕೊಟ್ಟು, ಕಾಲು ನೀಡಿ, ನಿಧಾನವಾಗಿ ಉಂಡಳು.